ಕಲ್ಲಿನಲ್ಲಿದ್ದ ರಾಣಿಯರು

ಮಾಯಾ ನಾಗರಿಕತೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2012ರ ಡಿಸೆಂಬರ್ 21. ಅಂದು ಪ್ರಳಯವಾಗುತ್ತದೆ ಎಂದು ಟಿವಿಯವರು ನಮ್ಮನ್ನೆಲ್ಲ ಚೆನ್ನಾಗಿಯೇ ಹೆದರಿಸಿದ್ದರು. ಮಾಯಾ ಜನ ಹಾಗೇನೂ ಬರೆದಿಟ್ಟಿರಲಿಲ್ಲ. ನಮ್ಮ 60 ಸಂವತ್ಸರಗಳು ಮುಗಿದು ಮತ್ತೆ ಪ್ರಭವದಿಂದ ಶುರುವಾಗುವಂತೆ ಅವರ ಕಾಲಗಣನೆಯ ಒಂದು ದೊಡ್ಡ ಸುತ್ತು ಅಂದು ಮುಗಿಯಿತು, ಅಷ್ಟೆ.

ದಿನಾಂಕಗಳ ಈ ಮೋಹ ವಿದ್ವಾಂಸರನ್ನೂ ದಾರಿ ತಪ್ಪಿಸಿತ್ತು. ಮಾಯಾ ನಗರಗಳಲ್ಲಿ ಆಳೆತ್ತರದ ಶಿಲಾಶಾಸನಗಳಿವೆ. ಚುಕ್ಕೆ ಎಂದರೆ ಒಂದು, ಅಡ್ಡಗೆರೆ ಎಂದರೆ ಐದು. ಸೊನ್ನೆಗೂ ಒಂದು ಚಿಹ್ನೆ ಇತ್ತು. ಹೀಗಾಗಿ ಅಂಕಿಗಳನ್ನು ಓದಲು ಬಂತು, ಉಳಿದ ಲಿಪಿ ಒಗಟಾಗಿಯೇ ಉಳಿಯಿತು. ನೆರವಾಗಬಹುದಿದ್ದ ಪುಸ್ತಕಗಳನ್ನು ಸ್ಪೇನಿನ ಪಾದ್ರಿ ದಿಯೆಗೋ ದೆ ಲಾಂಡಾ 1562ರಲ್ಲಿ ಮಾನಿ ಎಂಬ ಊರಿನಲ್ಲಿ ಸುಡಿಸಿದ್ದ. ಅತ್ತಿಯ ಜಾತಿಯ ಮರದ ತೊಗಟೆಯಿಂದ ಮಾಡಿದ ಅಂಥ ಪುಸ್ತಕಗಳಲ್ಲಿ ಇಂದು ಉಳಿದಿರುವುದು ನಾಲ್ಕೇ ನಾಲ್ಕು. ಹೀಗಾಗಿ ಎರಿಕ್ ಥಾಮ್ಸನ್‌ರಂಥ ದೊಡ್ಡ ಪಂಡಿತರು, ಈ ಶಾಸನಗಳಲ್ಲಿ ಇರುವುದು ಬರೀ ಪಂಚಾಂಗ ಮತ್ತು ಗ್ರಹಗತಿ, ಚರಿತ್ರೆಯಲ್ಲ ಎಂದು ತೀರ್ಮಾನಿಸಿದರು. ಉದ್ದ ನಿಲುವಂಗಿ ತೊಟ್ಟ ಆಕೃತಿಗಳನ್ನು ಪುರೋಹಿತರೆಂದು ಕರೆದರು.

ಇದನ್ನು ತಿರುಗಿಸಿ ಹಾಕಿದವರು ತತಿಯಾನಾ ಪ್ರಸ್ಕುರಿಯಾಕಾಫ್. 1909ರಲ್ಲಿ ರಷ್ಯಾದ ತೋಮ್ಸ್ಕ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದವರು. 1930ರಲ್ಲಿ ಆರ್ಕಿಟೆಕ್ಚರ್ ಪದವಿ ಪಡೆದಾಗ ಎಲ್ಲೆಡೆ ಆರ್ಥಿಕ ಕುಸಿತ, ಕೆಲಸವಿಲ್ಲ. ಹೊಟ್ಟೆಪಾಡಿಗೆ ಕಸೂತಿಯ ವಿನ್ಯಾಸ ಬಿಡಿಸುತ್ತಿದ್ದರು. ಚಿತ್ರ ಬರೆಯುವ ಆ ಕೈಯೇ ಅವರನ್ನು ಗ್ವಾಟೆಮಾಲಾದ ಕಾಡಿನ ಪಿಯೆದ್ರಾಸ್ ನೆಗ್ರಾಸ್ ಎಂಬ ಹಾಳೂರಿಗೆ ಕರೆದೊಯ್ದಿತು.

ಅಲ್ಲಿನ ಶಾಸನಗಳು ಗುಂಪುಗುಂಪಾಗಿ ನಿಂತಿದ್ದವು. ಪ್ರತಿ ಗುಂಪಿನ ಮೊದಲ ಕಲ್ಲಿನಲ್ಲಿ ಎತ್ತರದ ಗೂಡಿನೊಳಗೆ ಕುಳಿತ ಒಬ್ಬ ವ್ಯಕ್ತಿ. ತತಿಯಾನಾ ದಿನಾಂಕಗಳನ್ನು ಗುಂಪುವಾರು ಜೋಡಿಸಿ ನೋಡಿದರು. ಯಾವ ಗುಂಪಿನ ಅವಧಿಯೂ ಒಬ್ಬ ಮನುಷ್ಯನ ಆಯಸ್ಸನ್ನು ಮೀರುತ್ತಿರಲಿಲ್ಲ! ಹಾಗಾದರೆ ಮೇಲೆ ನೋಡುವ ಕಪ್ಪೆಯಂತಿದ್ದ ಚಿಹ್ನೆ ಹುಟ್ಟು. ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡಂತಿದ್ದ ಚಿಹ್ನೆ ಪಟ್ಟಾಭಿಷೇಕ. ಇವರು ದೇವರಲ್ಲ, ರಾಜರು. ಒಂದು ಅಕ್ಷರವನ್ನೂ ಉಚ್ಚರಿಸದೆ, ಬರೀ ದಿನಾಂಕಗಳ ಅಂತರದಿಂದ ಹೊರಟ ತರ್ಕ ಇದು. ದಿನವಿಡೀ ಡೇಟಾ ಜೊತೆ ಗುದ್ದಾಡುವ ನನಗೆ 1960ರ ಆ ಲೇಖನದ ಬಗ್ಗೆ ಹೊಟ್ಟೆಕಿಚ್ಚೇ ಆಗುತ್ತದೆ. ಥಾಮ್ಸನ್ ಕೂಡ ಅದನ್ನು ಒಪ್ಪಿಕೊಂಡರು.

ನಿಲುವಂಗಿಯ ‘ಪುರೋಹಿತರ’ ಕಥೆ ಇನ್ನೂ ಚೆಂದ. ಅವರ ಹೆಸರಿನ ಮುಂದೆ, ನಾವು ಶ್ರೀಮತಿ ಎಂದು ಬರೆಯುವ ಹಾಗೆ, ಹೆಣ್ಣಿನ ಮುಖದ ಒಂದು ಚಿಹ್ನೆ ಇರುವುದನ್ನು ತತಿಯಾನಾ ಗುರುತಿಸಿದರು. ಅವರೆಲ್ಲ ಹೆಂಗಸರು.

ಅವರಲ್ಲಿ ನನಗೆ ಮರೆಯಲಾಗದವಳು ಮೆಕ್ಸಿಕೋದ ಯಾಶ್‌ಚಿಲಾನ್‌ನ ರಾಣಿ ಕಬಲ್ ಶೋಕ್. ಅವಳ ಮನೆಯ ಬಾಗಿಲ ಮೇಲಿನ ಅಡ್ಡಗಲ್ಲಿನ ಅಡಿಭಾಗದಲ್ಲಿ ಈ ಚಿತ್ರ ಕೆತ್ತಿದ್ದರು. ಒಳಹೋಗುವವರು ತಲೆಯೆತ್ತಿದರೆ ಮಾತ್ರ ಕಾಣುತ್ತಿತ್ತು. ಈಗ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕೆತ್ತನೆಯಲ್ಲಿರುವ ದಿನಾಂಕ ಕ್ರಿ.ಶ. 709ರದು. ರಾಜ ಪಂಜು ಹಿಡಿದು ನಿಂತಿದ್ದಾನೆ, ರಾಣಿ ಮಂಡಿಯೂರಿ ಮುಳ್ಳಿನ ಹಗ್ಗವನ್ನು ನಾಲಿಗೆಯ ಮೂಲಕ ಎಳೆಯುತ್ತಿದ್ದಾಳೆ. ರಕ್ತ ಬುಟ್ಟಿಯ ಕಾಗದದ ಮೇಲೆ ಬೀಳುತ್ತಿದೆ. ನೋಡಲು ಕಷ್ಟವಾಗುತ್ತದೆ, ಇದನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ರಾಜರೂ ತಮ್ಮ ಮೈಯ ರಕ್ತ ಕೊಡುತ್ತಿದ್ದರು, ದೇವರ ಋಣ ತೀರಿಸುವುದು ಆಳುವವರ ಕರ್ತವ್ಯವಾಗಿತ್ತು. ಇಲ್ಲಿ ಆ ಕರ್ತವ್ಯ ಮಾಡುತ್ತಿರುವವಳು ಅವಳು. ರಾಜ ದೀಪ ಹಿಡಿದವನು.

ನಾರಾಂಜೋ ನಗರದ ‘ಆರು ಆಕಾಶ’ದ ರಾಣಿಯದು ಬೇರೆ ದಾರಿ. 682ರಲ್ಲಿ ಪರಊರಿನಿಂದ ಬಂದು ಅಳಿದ ರಾಜಮನೆತನವನ್ನು ಎತ್ತಿ ನಿಲ್ಲಿಸಿದಳು. ಐದು ವರ್ಷದ ಹುಡುಗ ಪಟ್ಟಕ್ಕೆ ಬಂದಾಗ ಆಡಳಿತ ನಡೆಸಿದ್ದು ಅವಳೇ. ಶಾಸನದಲ್ಲಿ ಅವಳು ಸೆರೆಯಾಳಿನ ಮೇಲೆ ಕಾಲಿಟ್ಟು ನಿಂತಿದ್ದಾಳೆ, ಥೇಟ್ ರಾಜರಂತೆ.

ಕಬಲ್ ಶೋಕ್ ಉಟ್ಟ ಬಟ್ಟೆಯ ವಜ್ರಾಕಾರದ ನೇಯ್ಗೆಯನ್ನು ಶಿಲ್ಪಿ ಎಳೆಎಳೆಯಾಗಿ ಕೆತ್ತಿದ್ದಾನೆ. ಚಿಯಾಪಾಸ್‌ನ ಮಾಯಾ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಇಂದಿಗೂ ವಜ್ರಾಕಾರದ ವಿನ್ಯಾಸಗಳನ್ನು ನೇಯುತ್ತಾರೆ.

ತತಿಯಾನಾ 1985ರಲ್ಲಿ ತೀರಿಕೊಂಡರು. 1998ರಲ್ಲಿ ಅವರ ಚಿತಾಭಸ್ಮವನ್ನು ಪಿಯೆದ್ರಾಸ್ ನೆಗ್ರಾಸ್‌ಗೆ ಒಯ್ದು, ಅವರೇ ಚಿತ್ರ ಬರೆದಿದ್ದ ಆ ಹಾಳೂರಿನಲ್ಲೇ ಮಣ್ಣು ಮಾಡಿದರು.