ಗುಂಡಿ, ಬಾವಿ ಮತ್ತು ಮಾನದಂಡ: ದಕ್ಷಿಣ ತರಾವದ ನೈರ್ಮಲ್ಯ ಕುರಿತ ಒಂದು ಮರುಚಿಂತನೆ

ಶಾಂತಸಾಗರದ ಕಿರಿಬಾಟಿ ಗಣರಾಜ್ಯದ ಅರ್ಧಕ್ಕಿಂತ ಹೆಚ್ಚು ಜನರು ದಕ್ಷಿಣ ತರಾವದಲ್ಲಿ, ಅಂದರೆ ಲಗೂನಿನ ಅಂಚಿಗೆ ಚಾಚಿ ನಿಂತ ಕಿರಿದಾದ ಹವಳದ ನೆಲಪಟ್ಟಿಯ ಮೇಲೆ, ವಾಸಿಸುತ್ತಾರೆ. 1977ರ ಕಾಲರಾ ಪಿಡುಗಿನ ತರುವಾಯ ಬೆಟಿಯೊ, ಬೈರಿಕಿ ಮತ್ತು ಬಿಕೆನಿಬೇವುಗಳಲ್ಲಿ ಸಮುದ್ರದ ನೀರಿನಿಂದ ತೊಳೆಯುವ ಒಳಚರಂಡಿ ನಿರ್ಮಾಣವಾಯಿತೆಂಬುದೂ, ಕಡಲತಡಿಯ ಬಯಲುಶೌಚ ಆ ಬಳಿಕವೂ ನಿಲ್ಲಲಿಲ್ಲವೆಂಬುದೂ ನಿರ್ವಿವಾದ.

ವಿವಾದಕ್ಕೆ ಎಡೆಯಿರುವುದು ಅಳತೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ಜಂಟಿ ನಿಗಾ ಕಾರ್ಯಕ್ರಮದ ಪ್ರಕಾರ, ಮಲದ ಸಂಪರ್ಕ ತಪ್ಪಿಸುವಂತೆ ಕಟ್ಟಿದ, ಒಂದೇ ಕುಟುಂಬ ಬಳಸುವ ಶೌಚಾಲಯವು 'ಮೂಲಭೂತ' ಸೇವೆ. ಅಂಥದ್ದನ್ನೇ ಹಲವು ಕುಟುಂಬಗಳು ಹಂಚಿಕೊಂಡರೆ ಅದು ಒಂದು ಮೆಟ್ಟಿಲು ಕೆಳಗಿನ 'ಸೀಮಿತ' ಸೇವೆ. ಚಪ್ಪಡಿ ಹಾಸಿದ ಗುಂಡಿ ಶೌಚಾಲಯವೂ ಮೊದಲ ವರ್ಗಕ್ಕೆ ಸೇರಬಲ್ಲದು. ಆದರೆ ತರಾವದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳುಪದರವಾಗಿ, ನೆಲಮಟ್ಟದಿಂದ ಕೆಲವೇ ಅಡಿಗಳ ಕೆಳಗೆ ನಿಂತಿದ್ದು, ಹವಳದ ಮರಳು ಕೊಳೆಯನ್ನು ಸೋಸಿ ತಡೆಯುವ ಮೊದಲೇ ಅದು ನೀರನ್ನು ಸೇರುವುದರಿಂದ, ಗುಂಡಿಗೂ ಮನೆಯ ಬಾವಿಗೂ ನಡುವೆ ಆಸರೆಯೆನ್ನಬಹುದಾದ ಮಣ್ಣೇ ಉಳಿಯುವುದಿಲ್ಲ. ಹಾಗಿರುವಾಗ ಒಳಚರಂಡಿಗೆ ಜೋಡಿಸಿದ ಹಂಚಿಕೆಯ ಶೌಚಾಲಯವು, ಬಾವಿನೀರು ಬಳಸುವ ನೆರೆಹೊರೆಯ ಮಟ್ಟಿಗೆ, ಖಾಸಗಿ ಗುಂಡಿಗಿಂತ ಸುರಕ್ಷಿತವೆಂದು ಇಲ್ಲಿ ವಾದಿಸಲಾಗಿದೆ.

ಈ ವಾದಕ್ಕೆ ಮಿತಿಗಳಿವೆ. ಮಳೆನೀರು ಇಲ್ಲವೇ ಬೊನ್ರಿಕಿಯ ಅಂತರ್ಜಲ ಮೀಸಲು ಪ್ರದೇಶದಿಂದ ಬರುವ ಕೊಳಾಯಿ ನೀರನ್ನೇ ನಂಬಿದ ಮನೆಗಳಿಗೆ ಇದು ಅಷ್ಟಾಗಿ ಅನ್ವಯಿಸದು. ಹಂಚಿಕೆಯ ಶೌಚಾಲಯಕ್ಕೆ ರಾತ್ರಿ ಹೋಗಬೇಕಾದ ಹೆಂಗಸರ, ಮಕ್ಕಳ, ವೃದ್ಧರ ಕಷ್ಟ ಸಣ್ಣದಲ್ಲ. ಒಳಚರಂಡಿಯ ಕೊಳೆಯನ್ನು ಸಮುದ್ರಕ್ಕೆ ಒಯ್ಯುವ ಹೊರಕೊಳವೆ ಕೆಟ್ಟರೆ ಅಪಾಯ ಬಾವಿಯಿಂದ ದಂಡೆಗೆ, ಅಲ್ಲಿನ ಚಿಪ್ಪುಮೀನಿಗೆ ವರ್ಗವಾಗುತ್ತದಷ್ಟೆ. ಮಲದ ವಿಲೇವಾರಿಯನ್ನು 'ಸುರಕ್ಷಿತ ನಿರ್ವಹಣೆ' ಎಂಬ ಮೇಲಿನ ಮೆಟ್ಟಿಲು ಪರಿಗಣಿಸುತ್ತದೆಂಬ ಆಕ್ಷೇಪವೂ ಸಾಧುವೇ. ಆದರೂ ಬಡತನ ನಿವಾರಣೆಯ ಸುಸ್ಥಿರ ಅಭಿವೃದ್ಧಿ ಗುರಿ 1.4 'ಮೂಲಭೂತ ಸೇವೆ'ಯನ್ನೇ ಎಣಿಸುವುದರಿಂದ, ಆ ಮೆಟ್ಟಿಲಿನ ಕುರುಡು ಹಾಗೆಯೇ ಉಳಿಯುತ್ತದೆ.

ಗುಂಡಿಗೂ ಬಾವಿಗೂ ಎಷ್ಟು ಅಂತರವಿದ್ದರೆ ಸಾಕು, ಬರಗಾಲದಲ್ಲಿ ಸಿಹಿನೀರಿನ ಪದರ ತೆಳುವಾದಾಗ ಆ ಅಂತರ ಎಷ್ಟು ಬದಲಾಗಬೇಕು ಎಂಬ ಪ್ರಶ್ನೆಗಳು ದ್ವೀಪದಿಂದ ದ್ವೀಪಕ್ಕೆ ಬೇರೆಯಾಗುವಂಥವು. ಅವನ್ನು ಈ ಲೇಖನ ಇತ್ಯರ್ಥಗೊಳಿಸುವುದಿಲ್ಲ. ಆದರೆ ತರಾವದಂಥ ಹವಳದ್ವೀಪಗಳ (ಅಟಾಲ್) ದೇಶಗಳ ಮನೆಸಮೀಕ್ಷೆಗಳು ಶೌಚಾಲಯ ಯಾರದೆಂದು ಕೇಳುವುದರ ಜೊತೆಗೆ ಹತ್ತಿರದ ಬಾವಿ ಎಷ್ಟು ದೂರದಲ್ಲಿದೆಯೆಂದೂ ಕೇಳಬೇಕು.