ಗುಳೆ ಹೋದವರ ಲೆಕ್ಕ

ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಗೆ ಜನ ಬರುವುದೂ ಅಲ್ಲಿಂದ ಹೋಗುವುದೂ ಹೊಸತೇನಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನಕ್ಕಾಗಿ ನೆಲವನ್ನು ಅಗೆದ ಗುರುತುಗಳಿವೆ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡ ಬೀಡನ್ ಎಂಬಾತನೂ ಚಿನ್ನದ ಗಣಿಯ ಎಂಜಿನಿಯರೇ. ಬಂದವರ ಗುರುತು ಹೀಗೆ ಅಲ್ಲಲ್ಲಿ ಉಳಿದಿದೆ. ಬರಗಾಲದಲ್ಲಿ ಮುದುಕರನ್ನು ಮನೆಕಾವಲಿಗೆ ಬಿಟ್ಟು ಹೊರಟವರ ಗುರುತು ಮಾತ್ರ ಎಲ್ಲಿಯೂ ಇಲ್ಲ. ಹಾಗೆ ಹೊರಡುವುದನ್ನು ಈ ಕಡೆಯವರು ‘ಗುಳೆ’ ಎನ್ನುತ್ತಾರೆ.

ಗುಳೆಯನ್ನು ತಪ್ಪಿಸುವ ದೊಡ್ಡ ಆಸೆ ಹುಟ್ಟಿದ್ದು ತುಂಗಭದ್ರಾ ಯೋಜನೆಯಿಂದ. ಹೈದರಾಬಾದು ಸಂಸ್ಥಾನವೂ ಮದರಾಸು ಪ್ರಾಂತವೂ ಸೇರಿ 1945ರಲ್ಲಿ ಅಡಿಗಲ್ಲು ಹಾಕಿದುವು. 1953ರಲ್ಲಿ ಅಣೆಕಟ್ಟು ನೀರು ಹಿಡಿಯಿತು. ಎಡದಂಡೆ ನಾಲೆಯ ನೀರನ್ನು ತೆಳ್ಳಗೆ ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಂದ ಹೆಚ್ಚು ಹೊಲಗಳನ್ನು ಬರದಿಂದ ಕಾಯಬೇಕೆಂಬುದು ಮೂಲ ಸಂಕಲ್ಪ. ನೀರಿಗೆ ಲೆಕ್ಕವಿತ್ತು, ನೆಲಕ್ಕೆ ಲೆಕ್ಕವಿತ್ತು. ಆದರೆ ಮಳೆಯನ್ನೇ ನಂಬಿದ್ದ ಒಕ್ಕಲಿಗ ನೆಲವನ್ನು ಮಟ್ಟಮಾಡಿ ನೀರಾವರಿಗೆ ಹೂಡುವ ಹಣವನ್ನು ಎಲ್ಲಿಂದ ತಂದಾನು ಎಂಬ ಪ್ರಶ್ನೆಗೆ ತಕ್ಕ ಉತ್ತರವಿರಲಿಲ್ಲ. ಆ ಉತ್ತರವನ್ನು ಕರಾವಳಿ ಆಂಧ್ರದ ರೈತರು ತಂದರು. ತಮ್ಮಲ್ಲಿಯ ತುಂಡು ನೆಲವನ್ನು ಮಾರಿ, ಇಲ್ಲಿ ಹಲವು ಎಕರೆ ಕೊಂಡು, ‘ಕ್ಯಾಂಪು’ಗಳನ್ನು ಕಟ್ಟಿ ಭತ್ತ ಬೆಳೆದರು. ಅವರ ದುಡಿಮೆಯನ್ನು ಹಳಿಯುವಂತಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಗಳು ಎದ್ದದ್ದು ಅದರಿಂದಲೇ. ಆದರೆ ಎಷ್ಟೋ ಕಡೆ ಹೊಲ ಮಾರಿದವನು ಅದೇ ಹೊಲದಲ್ಲಿ ಕೂಲಿಯಾದನು. ಮೇಲಣ ಭತ್ತ ಕುಡಿದುಳಿದ ನೀರಿಗಾಗಿ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ರೈತರು ಕಾಯುವಂತಾಯಿತು.

ಸರ್ಕಾರ ಮನಸ್ಸು ಮಾಡಿದರೆ ಜನರ ಚಲನೆಯನ್ನೂ ಯೋಜನೆಯೊಳಗೆ ತರಬಲ್ಲುದು. ಪೂರ್ವಬಂಗಾಳದಿಂದ ಬಂದ ನಿರಾಶ್ರಿತರಿಗೆ ಇದೇ ಸಿಂಧನೂರು ತಾಲ್ಲೂಕಿನಲ್ಲಿ ನೆಲ ಕೊಟ್ಟು, ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಮಾಡಿಸಿದ್ದೇ ಇದಕ್ಕೆ ಸಾಕ್ಷಿ. ಅವರಲ್ಲಿ ಕೆಲವರ ಪೌರತ್ವದ ತೊಡಕು ದಶಕಗಳ ಕಾಲ ಬಿಡಿಸಲಾರದೆ ಉಳಿಯಿತೆಂಬುದು ಬೇರೆ ಮಾತು. ಅಂತೂ ಬಂದವರಿಗಾಗಿ ಒಂದು ಯೋಜನೆಯಿತ್ತು.

ಹೋಗುವವರಿಗೆ ಇದ್ದುದೇನು? ನಾಲೆ ಮುಟ್ಟದ ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಸಂಸಾರಗಳು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೊರಡುತ್ತವೆ. 1979ರ ವಲಸೆ ಕಾರ್ಮಿಕರ ಕಾಯಿದೆ ರಾಜ್ಯದ ಗಡಿ ದಾಟಿದವರನ್ನು ಮಾತ್ರ ಕಂಡಿತು. ಸಿಂಧನೂರಿನಿಂದ ಬೆಂಗಳೂರಿಗೆ ಹೋದವನು ಅದರ ಕಣ್ಣಿಗೆ ವಲಸಿಗನೇ ಆಗಿರಲಿಲ್ಲ! 2006ರಲ್ಲಿ ಉದ್ಯೋಗ ಖಾತರಿ ಮೊದಲ ಹಂತದಲ್ಲಿಯೇ ರಾಯಚೂರು ಜಿಲ್ಲೆಗೆ ಬಂದಿತಾದರೂ ಗುಳೆ ನಿಲ್ಲಲಿಲ್ಲ. 2020ರ ಲಾಕ್‌ಡೌನಿನಲ್ಲಿ ಗಂಟುಮೂಟೆ ಹೊತ್ತು ಊರ ದಾರಿ ಹಿಡಿದವರನ್ನು ಕಂಡಾಗಲೇ ನಾಡಿಗೆ ಅವರ ನೆನಪಾಯಿತು.

ಮಸ್ಕಿ ಈಗ ತಾನೇ ಒಂದು ತಾಲ್ಲೂಕು. ಹೊಸ ತಾಲ್ಲೂಕಿನ ಕಡತಗಳಲ್ಲಿ ಮಳೆ, ಬೆಳೆಗಳ ಅಂಕಿಗಳ ಜೊತೆಗೆ ಇನ್ನೊಂದು ಅಂಕಿಯೂ ಸೇರಲಿ: ಯಾವ ಊರಿಂದ ಎಷ್ಟು ಸಂಸಾರ, ಯಾವ ತಿಂಗಳು, ಎಲ್ಲಿಗೆ ಹೊರಟಿತು, ಮಕ್ಕಳು ಯಾರ ವಶದಲ್ಲಿ ಉಳಿದರು. ಗ್ರಾಮ ಪಂಚಾಯಿತಿಯ ಒಂದು ಪುಸ್ತಕ ಇದಕ್ಕೆ ಸಾಕು. ಆ ಪುಸ್ತಕವಿದ್ದರೆ ಊರಲ್ಲಿ ಉಳಿದ ಮಗುವಿಗೆ ಹಾಸ್ಟೆಲು, ಹೋದ ಊರಿನಲ್ಲಿ ಪಡಿತರ ಮತ್ತು ಆಸ್ಪತ್ರೆ, ಹೊರಡುವ ತಿಂಗಳಿಗೆ ಮೊದಲೇ ಊರಲ್ಲಿ ಕೂಲಿ, ಇವನ್ನು ಗೊತ್ತುಮಾಡಬಹುದು. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಎಟಕುತ್ತದೆಂದು ಸಾರುವ ಬಂಡೆ ಮಸ್ಕಿಯಲ್ಲಿಯೇ ಇದೆ. ಯೋಜನೆಯ ಫಲವೂ ಹಾಗೆ ಎಟಕಬೇಕಾದರೆ, ಮೊದಲು ಆ ಸಣ್ಣವರು ಲೆಕ್ಕಕ್ಕೆ ಬರಬೇಕು.