ನಿಕೋಟಿನ್ ಪೌಚ್: ಅಪರೂಪಕ್ಕೊಮ್ಮೆ ಬಳಸಿದರೂ ಅಪಾಯವೇನು?

ನೂಲ, ಗಡಹಿಂಗ್ಲಜ ಭಾಗದ ಮನೆಗಳಿಗೆ ತಂಬಾಕು ಹೊಸದಲ್ಲ. ಗಡಿಯಾಚೆಯ ನಿಪ್ಪಾಣಿ ತಂಬಾಕಿನ ಪೇಟೆಯೆಂದೇ ಹೆಸರಾದ ಊರು. 1981ರಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ರೈತರು ಬೆಲೆಗಾಗಿ ಹೋರಾಡಿದ್ದು ಅಲ್ಲಿಯೇ. ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿದ ತಂಬಾಕು, ಹಲ್ಲಿಗೆ ಹಚ್ಚುವ ಮಿಶ್ರಿ, ಪಾನಪಟ್ಟಿಯ ಮಾವಾ ನಮಗೆಲ್ಲ ಪರಿಚಿತ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಮಹಾರಾಷ್ಟ್ರದ ವಯಸ್ಕರಲ್ಲಿ ಶೇ. 24.4ರಷ್ಟು ಮಂದಿ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಈ ಸಾಲಿಗೆ ಈಗ ನಿಕೋಟಿನ್ ಪೌಚ್ ಸೇರುತ್ತಿದೆ. "ಇದರಲ್ಲಿ ತಂಬಾಕೇ ಇಲ್ಲ, ಎಂದಾದರೊಮ್ಮೆ ಇಟ್ಟುಕೊಂಡರೆ ಏನಾದೀತು" ಎಂಬ ಮಾತನ್ನು ಪರೀಕ್ಷಿಸಿ ನೋಡಬೇಕಾಗಿದೆ.

ಪೌಚ್ ಎಂದರೆ ತುಟಿ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳುವ ಚಿಕ್ಕ ಬಿಳಿ ಚೀಲ. ಅದರಲ್ಲಿ ಎಲೆಯ ಪುಡಿ ಇರುವುದಿಲ್ಲ. ನಿಕೋಟಿನ್, ನಾರಿನಂಶ, ಸಿಹಿ ಹಾಗೂ ಪರಿಮಳ ಇರುತ್ತವೆ. ಉಗುಳಬೇಕಾಗಿಲ್ಲ, ವಾಸನೆಯೂ ಬಾರದು. ಮನೆಯವರಿಗೆ ತಿಳಿಯದೆ ಹೋಗುವುದು ಈ ಕಾರಣದಿಂದಲೇ.

ನ್ಯಾಯವಾಗಿ ಹೇಳುವುದಾದರೆ, ಬಾಯಿಯ ಕ್ಯಾನ್ಸರಿಗೆ ಕಾರಣವಾಗುವ ನೈಟ್ರೋಸಮೈನ್‌ಗಳು ಜಗಿಯುವ ತಂಬಾಕಿನಲ್ಲಿರುವುದಕ್ಕಿಂತ ಇದರಲ್ಲಿ ಬಹಳ ಕಡಿಮೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಜನವರಿಯಲ್ಲಿ ಜಿನ್ ಎಂಬ ಬ್ರ್ಯಾಂಡಿನ 20 ಪೌಚ್‌ಗಳ ಮಾರಾಟಕ್ಕೆ ಅನುಮತಿ ನೀಡಿತು. ಆದರೆ ಅನುಮತಿಯ ಅರ್ಥ ಸುರಕ್ಷಿತವೆಂದಲ್ಲ, ತಂಬಾಕು ಬಳಸದವರು ಇದನ್ನು ಆರಂಭಿಸಬಾರದು ಎಂದೂ ಅದೇ ಸಂಸ್ಥೆ ಸ್ಪಷ್ಟಪಡಿಸಿತು. ಅಂಗಡಿಯಲ್ಲಿ ಈ ಎರಡನೆಯ ಮಾತನ್ನು ಯಾರೂ ಹೇಳಲಾರರು.

ಅಪರೂಪಕ್ಕೆ ಬಳಸುವವನ ದೇಹ ನಿಕೋಟಿನ್‌ಗೆ ಒಗ್ಗಿರುವುದಿಲ್ಲ. ಆದ್ದರಿಂದ ತಲೆಸುತ್ತು, ವಾಕರಿಕೆ, ಬಿಕ್ಕಳಿಕೆ, ಎದೆಬಡಿತ ಅವನಿಗೇ ಹೆಚ್ಚು. ನಿಕೋಟಿನ್ ಅಡ್ರಿನಾಲಿನ್ ಸ್ರವಿಸುವಂತೆ ಮಾಡಿ, ನಾಡಿಯ ವೇಗವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಆರೋಗ್ಯವಂತ ತರುಣನಿಗೆ ಇದು ತುಸು ಹೊತ್ತಿನ ತೊಂದರೆ, ಬಿ.ಪಿ. ಇರುವವರಿಗೆ, ಹೃದ್ರೋಗಿಗಳಿಗೆ ಹಾಗಲ್ಲ. ಗರ್ಭಿಣಿಯರು ಒಂದನ್ನೂ ಬಳಸಕೂಡದು. ನಿಕೋಟಿನ್ ಗರ್ಭಸ್ಥ ಶಿಶುವನ್ನು ತಲುಪುತ್ತದೆ. ಒಂದೇ ಕಡೆ ಪೌಚ್ ಇಡುತ್ತಿದ್ದರೆ ಒಸಡು ಕೆರಳಿ ಹುಣ್ಣಾಗಬಹುದು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಅಪಾಯವೆಂದರೆ 'ಅಪರೂಪ' ಎಂಬುದು ಅಪರೂಪವಾಗಿ ಉಳಿಯದಿರುವುದು. ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಇಳಿದೊಡನೆ ಮಿದುಳು ಮತ್ತೆ ಬೇಡುತ್ತದೆ. ಇಚಲಕರಂಜಿಯ ಮಗ್ಗಗಳಲ್ಲಿ ರಾತ್ರಿಪಾಳಿಯವನು ನಿದ್ದೆ ತಡೆಯಲು ಒಂದು ಇಟ್ಟುಕೊಂಡರೆ ಪಾಳಿ ಮುಗಿಯುವ ಮೊದಲೇ ಇನ್ನೊಂದು ಬೇಕೆನಿಸಬಹುದು. ಈಗಾಗಲೇ ತಂಬಾಕು ತಿನ್ನುವವನು ಅದನ್ನು ಬಿಡದೆ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಾತ್ರ ಪೌಚ್ ಬಳಸಿದರೆ ಅವನಿಗೆ ಲಾಭವೇನೂ ಇಲ್ಲ. ಒಟ್ಟು ನಿಕೋಟಿನ್ ಹೆಚ್ಚುತ್ತದೆ, ಕ್ಯಾನ್ಸರಿನ ಭಯ ಹಾಗೆಯೇ ಉಳಿಯುತ್ತದೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಡಬ್ಬಿಯನ್ನು ಕೈಗೆಟುಕುವಲ್ಲಿ ಇಡಲೇಬಾರದು. ಪುದೀನಾ, ಹಣ್ಣಿನ ಪರಿಮಳದಿಂದ ಚಿಕ್ಕವರು ಅದನ್ನು ಪೆಪ್ಪರಮಿಂಟ್ ಎಂದೇ ತಿಳಿದಾರು. ಮಗು ನುಂಗಿದರೆ ಒತ್ತಾಯದಿಂದ ವಾಂತಿ ಮಾಡಿಸದೆ, ಬಾಯಲ್ಲಿ ಉಳಿದದ್ದನ್ನು ತೆಗೆದು, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹದಿಹರೆಯದವರ ಮಿದುಳು ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಿರುವುದರಿಂದ ಚಟ ಅವರಿಗೆ ಬೇಗ ಅಂಟುತ್ತದೆ.

ತಂಬಾಕು ಬಿಡಬಯಸುವ ಪಾಲಕರಿಗೆ 1800-112-356 ಎಂಬ ರಾಷ್ಟ್ರೀಯ ಸಹಾಯವಾಣಿ ಉಚಿತವಾಗಿದೆ. 2 ಮಿ.ಗ್ರಾಂ. ನಿಕೋಟಿನ್ ಗಮ್ ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುತ್ತದೆ. ಅದನ್ನು ಚ್ಯೂಯಿಂಗ್ ಗಮ್‌ನಂತೆ ಸತತವಾಗಿ ಜಗಿಯದೆ, ಖಾರವೆನಿಸಿದೊಡನೆ ಕೆನ್ನೆಯೊಳಗೆ ಇಟ್ಟು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಬಾಯೊಳಗಿನ ಹುಣ್ಣು ಅಥವಾ ಬಿಳಿ ಕಲೆ 2 ವಾರಗಳಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಬೇಕು, ನೋವಿಲ್ಲವೆಂದು ಸುಮ್ಮನಿರಬಾರದು.